ಕೂಲಂಬ್ ನಿಯಮದ ಆ 4ಪೈ ಎಪ್ಸಿಲಾನ್ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು?

ಪ್ರಶ್ನೆ: ನಾನು ಭೌತವಿಜ್ಞಾನದ ಎಂ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿನಿ. ಬಿ.ಎಸ್ಸಿ.ಯಲ್ಲಿ ಓದಿದ ಪುಸ್ತಕದಲ್ಲಿ, ಎರಡು ಚಾರ್ಜ್‌ಗಳ ನಡುವಿನ ಬಲ ಹೇಳುವ ಕೂಲಂಬ್ ನಿಯಮದ ಜೊತೆ ‘4ಪೈ ಎಪ್ಸಿಲಾನ್-ನಾಟ್‌’ನಿಂದ ಭಾಗಿಸಬೇಕು ಅಂತ ಇತ್ತು. ಈಗಿನ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಎರಡು ಚಾರ್ಜ್‌ಗಳ ಗುಣಲಬ್ಧ, ಕೆಳಗೆ ದೂರದ ವರ್ಗ, ಮುಗೀತು. ಇನ್ನೊಂದು ಕ್ಲಾಸಿನಲ್ಲಿ ‘ಸಿ ಅನ್ನೋದು 1, ಎಚ್-ಬಾರ್ ಅನ್ನೋದು 1’ ಅಂದರು. ಸಿ ಅಂದರೆ ಬೆಳಕಿನ ವೇಗ, ಎಚ್-ಬಾರ್ ಅಂದರೆ ಕ್ವಾಂಟಮ್ ಭೌತದ ಪ್ಲಾಂಕ್ ಸ್ಥಿರಾಂಕವನ್ನು 2ಪೈಯಿಂದ ಭಾಗಿಸಿದ್ದು. ಬೆಳಕಿನ ವೇಗ 1 ಆಗೋದು ಹೇಗೆ ಸರ್? ಸುಮ್ನೆ ಹಾಗೆ ಇಟ್ಟುಕೊಳ್ಳಬಹುದಾ? ಇವುಗಳಲ್ಲಿ ಯಾವ ಪದ್ಧತಿ ಸರಿ?

ಉತ್ತರ: ಬೆಳಕಿನ ವೇಗದ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ಬಿಡಿಸಿದರೆ ಉಳಿದ ಗಂಟುಗಳು ತಾವಾಗಿ ಸಡಿಲವಾಗುತ್ತವೆ.

ವಿಮಾನ ಹಾರಿಸುವವರಲ್ಲಿ ಒಂದು ರೂಢಿ ಇದೆ. ಎತ್ತರವನ್ನು ಅಡಿಗಳಲ್ಲಿ ಹೇಳುತ್ತಾರೆ, ನೆಲದ ಮೇಲಿನ ದೂರವನ್ನು ನಾಟಿಕಲ್ ಮೈಲಿಗಳಲ್ಲಿ. 3 ಡಿಗ್ರಿ ಓರೆಯಲ್ಲಿ ಇಳಿಯುವ ವಿಮಾನ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 318 ಅಡಿ ಕೆಳಗೆ ಬರುತ್ತದೆ. ಈಗ ಈ ರೂಢಿ ಬಿಟ್ಟು ಬೇರೇನೂ ಗೊತ್ತಿಲ್ಲದವರೊಬ್ಬರು ಪೈಥಾಗೊರಸ್ ಪ್ರಮೇಯ ಬರೆಯಲು ಕೂತರು ಅಂದುಕೊಳ್ಳಿ. ನೆಲದ ದೂರದ ವರ್ಗಕ್ಕೆ ಎತ್ತರದ ವರ್ಗ ಕೂಡಿಸಿದರೆ ಓರೆ ದೂರದ ವರ್ಗ ಸಿಗುವುದಿಲ್ಲ. ಎತ್ತರವನ್ನು ಮೊದಲು 6076ರಿಂದ ಭಾಗಿಸಬೇಕು, ಯಾಕಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು ಅಷ್ಟು ಅಡಿ. ಹಾಗಾಗಿ ಅವರ ಪ್ರಮೇಯದ ನಡುವೆ ಒಂದು 6076 ಬಂದು ಕೂರುತ್ತದೆ. ಅದಕ್ಕೊಂದು ಅಕ್ಷರ, ಒಂದು ಹೆಸರು, ಪುಸ್ತಕದ ಕೊನೆಯ ಪಟ್ಟಿಯಲ್ಲಿ ಒಂದು ಜಾಗ. ಅದು ಪ್ರಕೃತಿಯ ಗುಟ್ಟಾ? ಅಲ್ಲ. ಎತ್ತರಕ್ಕೊಂದು, ದೂರಕ್ಕೊಂದು ಅಳತೆಗೋಲು ಇಟ್ಟುಕೊಂಡಿದ್ದಕ್ಕೆ ಕಟ್ಟುವ ದಂಡ.

ಸೆಕೆಂಡಿಗೆ 29,97,92,458 ಮೀಟರ್ ಅನ್ನುವುದೂ ಇದೇ ಜಾತಿಯ ಸಂಖ್ಯೆ. ದೂರವನ್ನು ಮೀಟರಿನಲ್ಲಿ, ಕಾಲವನ್ನು ಸೆಕೆಂಡಿನಲ್ಲಿ ಅಳೆಯುತ್ತೇವೆ. ಇವೆರಡೂ ಒಂದೇ ನೆಯ್ಗೆಯ ಎಳೆಗಳು ಅಂತ ಸಾಪೇಕ್ಷತಾ ಸಿದ್ಧಾಂತ ತೋರಿಸಿಕೊಟ್ಟಿತು. ಎಳೆಗಳನ್ನು ಜೊತೆಗೆ ಇಡುವಾಗ ಒಂದನ್ನು ಇನ್ನೊಂದರ ಅಳತೆಗೆ ತರಬೇಕು, ಆಗ ಸಿ ಬರುತ್ತದೆ. ಕಾಲಕ್ಕೆ ಸೆಕೆಂಡ್, ದೂರಕ್ಕೆ ‘ಒಂದು ಸೆಕೆಂಡಿನಲ್ಲಿ ಬೆಳಕು ಹೋಗುವಷ್ಟು’ ಅಂತ ಇಟ್ಟುಕೊಂಡರೆ ಬೆಳಕಿನ ವೇಗ 1. ಬೆಳಕು ನಿಧಾನವಾಗಲಿಲ್ಲ, ನಮ್ಮ ಅಳತೆಗೋಲು ಉದ್ದವಾಯಿತು. 1983ರಿಂದ ಈಚೆಗಂತೂ ಆ ಒಂಬತ್ತಂಕಿಯ ಸಂಖ್ಯೆಯನ್ನು ಯಾರೂ ಪ್ರಯೋಗ ಮಾಡಿ ಕಂಡುಹಿಡಿಯುವುದಿಲ್ಲ. ಇಷ್ಟೇ ಅಂತ ನಿಗದಿ ಮಾಡಿಬಿಟ್ಟಿದ್ದಾರೆ, ಅದರಿಂದ ಮೀಟರ್ ಎಷ್ಟುದ್ದ ಅಂತ ಹೇಳುತ್ತಾರೆ.

ಆದರೆ ಒಂದು ಮಾತು. ಅಡಿ, ಮೈಲಿ ಎರಡೂ ಉದ್ದವೇ ಅಂತ ಎಲ್ಲರಿಗೂ ಮೊದಲಿನಿಂದ ಗೊತ್ತು. ಕಾಲ ಮತ್ತು ದೂರದ ವಿಷಯದಲ್ಲಿ ಅದು ಗೊತ್ತಿರಲಿಲ್ಲ, ಕಂಡುಹಿಡಿಯಬೇಕಾಯಿತು. ಶಾಖದ್ದೂ ಇದೇ ಕಥೆ. ಒಂದು ಕ್ಯಾಲೊರಿಗೆ 4.2ರಷ್ಟು ಜೂಲ್ ಅನ್ನುವುದು ಒಂದು ಕಾಲಕ್ಕೆ ಭಾರೀ ಸ್ಥಿರಾಂಕ. 1840ರ ದಶಕದಲ್ಲಿ ಜೇಮ್ಸ್ ಜೂಲ್ ನೀರನ್ನು ಕಡೆದು ಕಡೆದು ಅದನ್ನು ಅಳೆದ. ಈಗ ಶಾಖವನ್ನೂ ಜೂಲ್‌ನಲ್ಲೇ ಹೇಳುತ್ತೇವೆ, ಆ ಸ್ಥಿರಾಂಕ ಸೂತ್ರಗಳಿಂದ ಹೊರಗೆ ಹೋಯಿತು. ಅವನ ಕೆಲಸ ವ್ಯರ್ಥವಾಗಿ ಅಲ್ಲ, ಪೂರ್ತಿ ಗೆದ್ದಿದ್ದಕ್ಕೆ.

ಈಗ ನಿಮ್ಮ ಕೂಲಂಬ್ ನಿಯಮ.

1832ರಲ್ಲಿ ಗೌಸ್ ಒಂದು ದಾರಿ ಹಾಕಿದ. ಕಾಂತಶಕ್ತಿಯನ್ನು ಅಳೆಯಲು ಹೊಸ ಯೂನಿಟ್ ಬೇಡ, ಉದ್ದ, ದ್ರವ್ಯರಾಶಿ, ಕಾಲ ಈ ಮೂರೇ ಸಾಕು ಅಂದ. 1870ರ ದಶಕದಲ್ಲಿ ಸೆಂಟಿಮೀಟರ್, ಗ್ರಾಂ, ಸೆಕೆಂಡ್ ಹಿಡಿದುಕೊಂಡು ಸಿಜಿಎಸ್ ಪದ್ಧತಿ ಗಟ್ಟಿಯಾಯಿತು. ಅದರಲ್ಲಿ ಚಾರ್ಜ್‌ಗೆ ಸ್ವಂತ ಮನೆ ಇಲ್ಲ. ಬಲದ ಮನೆಯಲ್ಲೇ ಇರಬೇಕು. ಒಂದು ಸೆಂಟಿಮೀಟರ್ ದೂರದಲ್ಲಿ ಒಂದೇ ಅಳತೆಯ ಎರಡು ಚಾರ್ಜ್ ಇಡಿ. ಅವು ಒಂದನ್ನೊಂದು 1 ಡೈನ್ ಬಲದಿಂದ ತಳ್ಳಿದರೆ ಪ್ರತಿಯೊಂದೂ 1 ಯೂನಿಟ್. ವ್ಯಾಖ್ಯೆಯನ್ನೇ ಹೀಗೆ ಕಟ್ಟಿದ ಮೇಲೆ ಸೂತ್ರದಲ್ಲಿ ಸ್ಥಿರಾಂಕಕ್ಕೆ ಜಾಗ ಎಲ್ಲಿ? ಆದ್ದರಿಂದಲೇ ನಿಮ್ಮ ಹೊಸ ಪುಸ್ತಕದಲ್ಲಿ ಅದು ಇಲ್ಲ.

ಎಸ್‌ಐ, ಅಂದರೆ ಮೀಟರ್-ಕಿಲೋಗ್ರಾಂ-ಸೆಕೆಂಡಿನ ಈಗಿನ ಅಂತರರಾಷ್ಟ್ರೀಯ ಪದ್ಧತಿ, ಮಾಡಿದ್ದು ಬೇರೆ. ಅಲ್ಲಿ ಆಂಪಿಯರ್‌ಗೆ ಸ್ವಂತ ಸ್ಥಾನ ಕೊಟ್ಟರು. ಒಂದು ಆಂಪಿಯರ್ ಒಂದು ಸೆಕೆಂಡ್ ಹರಿದರೆ ಒಂದು ಕೂಲಂಬ್. ಹೀಗೆ ಬೇರೆ ಕಡೆಯಿಂದ ಬಂದ ಕೂಲಂಬನ್ನು ನ್ಯೂಟನ್ನಿನ ಜೊತೆ ಹೊಂದಿಸಲು ನಡುವೆ ಒಬ್ಬ ದಲ್ಲಾಳಿ ಬೇಕಾಗುತ್ತಾನೆ. ಎಪ್ಸಿಲಾನ್-ನಾಟ್ ಆ ದಲ್ಲಾಳಿ.

ಒಂದು ಲೆಕ್ಕ ಮಾಡೋಣ. ಹೈಡ್ರೊಜನ್ ಪರಮಾಣುವಿನಲ್ಲಿ ಪ್ರೋಟಾನಿಗೂ ಎಲೆಕ್ಟ್ರಾನಿಗೂ ನಡುವೆ 5.29 × 10⁻¹¹ ಮೀಟರ್ ದೂರ ಅನ್ನಿ. ಎಸ್‌ಐನಲ್ಲಿ ಚಾರ್ಜ್ 1.602 × 10⁻¹⁹ ಕೂಲಂಬ್. ಅದರ ವರ್ಗವನ್ನು ದೂರದ ವರ್ಗದಿಂದ ಭಾಗಿಸಿ, 8.988 × 10⁹ರಿಂದ ಗುಣಿಸಿ. ಆ ದೊಡ್ಡ ಸಂಖ್ಯೆಯೇ 4ಪೈ ಎಪ್ಸಿಲಾನ್-ನಾಟ್‌ನ ವಿಲೋಮ. ಉತ್ತರ 8.24 × 10⁻⁸ ನ್ಯೂಟನ್. ಸಿಜಿಎಸ್‌ನಲ್ಲಿ ಅದೇ ಚಾರ್ಜ್ 4.803 × 10⁻¹⁰ ಯೂನಿಟ್, ದೂರ 5.29 × 10⁻⁹ ಸೆಂಟಿಮೀಟರ್. ವರ್ಗ ಮಾಡಿ ಭಾಗಿಸಿದರೆ ಸಾಕು, 8.24 × 10⁻³ ಡೈನ್. ಒಂದು ಡೈನ್ ಅಂದರೆ 10⁻⁵ ನ್ಯೂಟನ್. ಎರಡೂ ಒಂದೇ ಬಲ. ಎಲೆಕ್ಟ್ರಾನಿಗೆ ನಮ್ಮ ಪುಸ್ತಕ ಯಾವುದು ಅಂತ ಗೊತ್ತಿಲ್ಲವಲ್ಲ.

ಸಿಜಿಎಸ್‌ನಲ್ಲಿ ಒಂದು ತೊಡಕಿತ್ತು. ಆ ತೊಡಕಿನಿಂದಲೇ ಭೌತವಿಜ್ಞಾನದ ಒಂದು ದೊಡ್ಡ ಸಂಗತಿ ಹೊರಬಿತ್ತು, ಇಲ್ಲಿ ಸ್ವಲ್ಪ ನಿಲ್ಲೋಣ. ಚಾರ್ಜನ್ನು ಬಲದಿಂದ ಅಳೆಯಬೇಕು ಅಂದರೆ ಎರಡು ದಾರಿ ಇವೆ. ನಿಂತ ಚಾರ್ಜ್‌ಗಳ ನಡುವಿನ ಬಲ ನೋಡಬಹುದು. ಅಥವಾ ಹರಿಯುವ ಚಾರ್ಜ್, ಅಂದರೆ ಕರೆಂಟ್ ಇರುವ ಎರಡು ತಂತಿಗಳ ನಡುವಿನ ಬಲ ನೋಡಬಹುದು. ಮೊದಲನೆಯದರಿಂದ ಒಂದು ಯೂನಿಟ್ ಹುಟ್ಟುತ್ತದೆ, ಎರಡನೆಯದರಿಂದ ಇನ್ನೊಂದು. ಎರಡೂ ಚಾರ್ಜನ್ನೇ ಅಳೆಯುವುದು. ಆದರೆ ಆಯಾಮ ನೋಡಿದರೆ ಒಂದರ ಮೇಲೊಂದು ಭಾಗಿಸಿದಾಗ ಬರಿ ಸಂಖ್ಯೆ ಬರುವುದಿಲ್ಲ, ಒಂದು ವೇಗ ಬರುತ್ತದೆ. ಎಷ್ಟು ವೇಗ? ವಿಲ್ಹೆಲ್ಮ್ ವೆಬರ್ ಮತ್ತು ರುಡಾಲ್ಫ್ ಕೋಲ್ರಾಶ್ ಸೇರಿ ಒಂದು ಲೈಡನ್ ಜಾಡಿಯಲ್ಲಿ (ಚಾರ್ಜ್ ಕೂಡಿಡುವ ಗಾಜಿನ ಜಾಡಿ, ಹಳೆಯ ಕಾಲದ ಕೆಪಾಸಿಟರ್) ಚಾರ್ಜ್ ತುಂಬಿ ಅಳೆದರು. ಮೊದಲು ನಿಂತ ಚಾರ್ಜಾಗಿ ಅದು ಎಷ್ಟು ಅಂತ ನೋಡಿದರು. ಆಮೇಲೆ ಅದನ್ನು ತಂತಿಯಲ್ಲಿ ಹರಿಸಿ, ಅದು ಕಾಂತವನ್ನು ಎಷ್ಟು ತಿರುಗಿಸುತ್ತದೆ ಅಂತ ನೋಡಿದರು. 1856ರಲ್ಲಿ ಅವರಿಗೆ ಸಿಕ್ಕಿದ್ದು ಸೆಕೆಂಡಿಗೆ ಸುಮಾರು 3,10,740 ಕಿಲೋಮೀಟರ್.

ಯೋಚಿಸಿ ನೋಡಿ. ಜಾಡಿ, ತಂತಿ, ಸೂಜಿ. ಆ ಕೋಣೆಯಲ್ಲಿ ಬೆಳಕಿನ ಪ್ರಯೋಗ ಯಾವುದೂ ನಡೆದಿರಲಿಲ್ಲ. ಆದರೂ ಬಂದ ಸಂಖ್ಯೆ, ಅದಕ್ಕೆ ಕೆಲವೇ ವರ್ಷ ಹಿಂದೆ ಫಿಜೋ ಹಲ್ಲಿನ ಚಕ್ರ ತಿರುಗಿಸಿ ಅಳೆದಿದ್ದ ಬೆಳಕಿನ ವೇಗದ ಪಕ್ಕದಲ್ಲೇ ಇತ್ತು. ಇದು ಕಾಕತಾಳೀಯ ಅಲ್ಲ, ಬೆಳಕು ಅನ್ನುವುದೇ ವಿದ್ಯುತ್ತು-ಕಾಂತಗಳ ಅಲೆ ಅಂತ 1860ರ ದಶಕದ ಮೊದಲಲ್ಲಿ ಮ್ಯಾಕ್ಸ್‌ವೆಲ್ ಹೇಳಿದ. ಎರಡು ಯೂನಿಟ್‌ಗಳ ಜಗಳದ ಮಧ್ಯೆ ಬೆಳಕು ಸಿಕ್ಕಿಬಿದ್ದಿತ್ತು. ಯೂನಿಟ್ ಅಂದರೆ ಬೋರು, ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಅನ್ನುವವರಿಗೆ ನಾನು ಯಾವಾಗಲೂ ಈ ಜಾಡಿಯ ಕಥೆ ಹೇಳುತ್ತೇನೆ.

ಆ ಕಾಲದ ಯೂನಿಟ್‌ಗಳಲ್ಲಿ ತಮಾಷೆಗಳೂ ಇವೆ. ನಿಂತ ಚಾರ್ಜಿನ ದಾರಿ ಹಿಡಿದರೆ ಕೆಪಾಸಿಟರಿನ ಧಾರಣಶಕ್ತಿ ಸೆಂಟಿಮೀಟರ್‌ನಲ್ಲಿ ಬರುತ್ತದೆ. 1 ಸೆಂಟಿಮೀಟರ್ ಅಂದರೆ ಸುಮಾರು 1.11 ಪಿಕೊಫ್ಯಾರಡ್, ಅದು ಒಂದು ಸೆಂಟಿಮೀಟರ್ ತ್ರಿಜ್ಯದ ಗೋಳದ ಧಾರಣಶಕ್ತಿ. ಹಳೆಯ ಕೆಲವು ರೇಡಿಯೊಗಳ ಕೆಪಾಸಿಟರ್ ಮೇಲೆ ಹೀಗೆ ಸೆಂಟಿಮೀಟರ್‌ನಲ್ಲೇ ಬರೆದಿರುತ್ತದೆ. ರಿಪೇರಿಗೆ ಕೂತವರು ಅದನ್ನು ಉದ್ದ ಅಂದುಕೊಂಡು ಸ್ಕೇಲ್ ಇಟ್ಟು ನೋಡಿದರೆ ತಪ್ಪು ಅವರದಲ್ಲ. ಇನ್ನು ಕರೆಂಟಿನ ದಾರಿ ಹಿಡಿದರೆ ರೆಸಿಸ್ಟೆನ್ಸ್ ಒಂದು ವೇಗವಾಗುತ್ತದೆ. ಓಮ್ ಹುಟ್ಟಿದ್ದು ಸೆಕೆಂಡಿಗೆ 10⁹ ಸೆಂಟಿಮೀಟರ್ ಅನ್ನುವ ಲೆಕ್ಕದಲ್ಲಿ. ಅಂದರೆ ಸೆಕೆಂಡಿಗೆ ಒಂದು ಕೋಟಿ ಮೀಟರ್, ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರ.

ಈ ಎರಡು ದಾರಿಗಳನ್ನು ಬೆರೆಸಿದ್ದೇ ಗೌಸಿಯನ್ ಪದ್ಧತಿ. ವಿದ್ಯುತ್ತಿನದನ್ನೆಲ್ಲ ಮೊದಲ ದಾರಿಯಲ್ಲಿ, ಕಾಂತದ್ದನ್ನು ಎರಡನೆಯ ದಾರಿಯಲ್ಲಿ ಅಳೆದು, ಇವೆರಡೂ ಸಂಧಿಸುವ ಕಡೆಯೆಲ್ಲ ಸಿ ಬರೆಯುತ್ತಾರೆ. ನಿಮ್ಮ ಎಂ.ಎಸ್ಸಿ. ಪುಸ್ತಕದ್ದು ಬಹುಶಃ ಇದೇ. ಇದರಲ್ಲಿ ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ಒಂದೇ ಆಯಾಮ. ಶೂನ್ಯದಲ್ಲಿ ಬೆಳಕಿನ ಅಲೆ ಹೋಗುವಾಗ ಎರಡರ ಬೆಲೆಯೂ ಒಂದೇ. ನನ್ನ ಕಣ್ಣಿಗೆ ಇದು ಎಸ್‌ಐಗಿಂತ ಚೆಂದ. ಎಸ್‌ಐನಲ್ಲಿ ಅದೇ ಅಲೆಯಲ್ಲಿ ಒಂದು ಇನ್ನೊಂದರ ಮೂವತ್ತು ಕೋಟಿ ಪಟ್ಟು. ಆ ಸಂಖ್ಯೆ ನೋಡಿದ ಹುಡುಗರು ‘ಬೆಳಕಿನಲ್ಲಿ ಕಾಂತಕ್ಷೇತ್ರ ತೀರಾ ಸಣ್ಣದು, ಬಿಟ್ಟುಬಿಡಬಹುದು’ ಅಂದುಕೊಳ್ಳುತ್ತಾರೆ. ಶಕ್ತಿಯ ಲೆಕ್ಕದಲ್ಲಿ ಎರಡರದ್ದೂ ಸಮಪಾಲು.

ಹಾಗಾದರೆ ಇದನ್ನು ಬಿಟ್ಟಿದ್ದು ಯಾಕೆ? ಲ್ಯಾಬಿನಲ್ಲಿ, ಫ್ಯಾಕ್ಟರಿಯಲ್ಲಿ ಇದು ಕೈಗೆ ಒಗ್ಗುವುದಿಲ್ಲ. ಗೌಸಿಯನ್‌ನ ಒಂದು ವೋಲ್ಟೇಜ್ ಯೂನಿಟ್ ನಮ್ಮ 300 ವೋಲ್ಟಿನಷ್ಟು, ಒಂದು ಕರೆಂಟ್ ಯೂನಿಟ್ ಒಂದು ನ್ಯಾನೊಆಂಪಿಯರಿನ ಮೂರನೇ ಒಂದು ಭಾಗ. ಎಂಜಿನಿಯರುಗಳು ಆಗಲೇ ವೋಲ್ಟ್, ಆಂಪಿಯರ್, ಓಮ್ ಬಳಸುತ್ತಿದ್ದರು. 1901ರಲ್ಲಿ ಜೊವಾನ್ನಿ ಜಾರ್ಜಿ ಅನ್ನುವ ಇಟಲಿಯವರು ಒಂದು ವಿಷಯ ಗಮನಿಸಿದರು. ಮೀಟರ್, ಕಿಲೋಗ್ರಾಂ, ಸೆಕೆಂಡ್ ಇಟ್ಟುಕೊಂಡು ವಿದ್ಯುತ್ತಿಗೆ ನಾಲ್ಕನೆಯ ಮೂಲ ಯೂನಿಟ್ ಒಂದು ಸೇರಿಸಿದರೆ, ಬಳಕೆಯ ವೋಲ್ಟ್-ಆಂಪಿಯರ್‌ಗಳೆಲ್ಲ ಹತ್ತರ ಘಾತಗಳ ಕಾಟವಿಲ್ಲದೆ ಹೊಂದಿಕೊಳ್ಳುತ್ತವೆ. ಒಂದು ವೋಲ್ಟ್ ಗುಣಿಸು ಒಂದು ಆಂಪಿಯರ್ ಅಂದರೆ ಸೆಕೆಂಡಿಗೆ ಸರಿಯಾಗಿ ಒಂದು ಜೂಲ್. ಅದಕ್ಕೆ ಕೊಡಬೇಕಾದ ಬೆಲೆ ವಿದ್ಯುತ್ತಿನ ಕಡೆ ಎಪ್ಸಿಲಾನ್-ನಾಟ್, ಕಾಂತದ ಕಡೆ ಮ್ಯೂ-ನಾಟ್ ಅನ್ನುವ ಇಬ್ಬರು ದಲ್ಲಾಳಿಗಳು. ಈ ದಾರಿಯೇ ಮುಂದೆ 1960ರಲ್ಲಿ ಎಸ್‌ಐ ಅನ್ನುವ ಹೆಸರು ಪಡೆಯಿತು.

4ಪೈ ಕಥೆ ಇದರ ಪಕ್ಕದ್ದು. ಇಂಗ್ಲೆಂಡಿನ ವಿದ್ಯುತ್ ತಜ್ಞ ಆಲಿವರ್ ಹೆವಿಸೈಡ್‌ಗೆ ಹಳೆಯ ಸೂತ್ರಗಳ ಮೇಲೆ ಒಂದು ತಕರಾರಿತ್ತು. 4ಪೈ ಗೋಳದ ಗುರುತು. ಚಪ್ಪಟೆ ತಟ್ಟೆಗಳ ಕೆಪಾಸಿಟರಿನಲ್ಲಿ ಗೋಳ ಎಲ್ಲಿದೆ? ಆದರೂ ಹಳೆಯ ಪದ್ಧತಿಯಲ್ಲಿ ಅಲ್ಲಿ 4ಪೈ ಬರುತ್ತಿತ್ತು. ಒಂದು ಬಿಂದುವಿನ ಸುತ್ತ ಬಲ ಹರಡುವಾಗ, ಅಂದರೆ ನಿಜವಾಗಿ ಗೋಳ ಇರುವ ಕೂಲಂಬ್ ನಿಯಮದಲ್ಲಿ, ಅದು ಇರುತ್ತಿರಲಿಲ್ಲ. ಇದು ಉಲ್ಟಾ ಅಂತ ಅವನ ವಾದ. ಎಸ್‌ಐನಲ್ಲಿ ಅದನ್ನು ತಿದ್ದಿದರು. ಕೂಲಂಬ್ ನಿಯಮದಲ್ಲಿ 4ಪೈಯನ್ನು ದೂರದ ವರ್ಗದ ಜೊತೆ ಸೇರಿಸಿ ಓದಿ ನೋಡಿ, ಅದು ಗೋಳದ ಮೇಲ್ಮೈ ಕ್ಷೇತ್ರಫಲ ಅಲ್ವಾ? ಅಲ್ಲಿ ಅದು ಇರಬೇಕಾದ್ದೇ. ನೀವು ‘4ಪೈ ಎಪ್ಸಿಲಾನ್-ನಾಟ್’ ಅಂತ ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡಿದ್ದರಿಂದ ಅದು ಕಾಣಿಸಿಲ್ಲ, ಅಷ್ಟೇ.

ಈಗ ಎಚ್ಚರಿಕೆಯ ಮಾತು. ಅಡಿಯಿಂದ ಮೀಟರಿಗೆ ಹೋಗುವುದು ಬರಿ ಗುಣಾಕಾರ. ಸಿಜಿಎಸ್‌ನಿಂದ ಎಸ್‌ಐಗೆ ಹೋಗುವಾಗ ವಿದ್ಯುತ್ತು-ಕಾಂತದ ವಿಷಯದಲ್ಲಿ ಸಂಖ್ಯೆ ಮಾತ್ರವಲ್ಲ, ಸೂತ್ರವೇ ಬದಲಾಗುತ್ತದೆ. ಒಂದರ ಸೂತ್ರಕ್ಕೆ ಇನ್ನೊಂದರ ಸಂಖ್ಯೆ ಹಾಕಿದರೆ ಕೆಟ್ಟಿರಿ. ನಾನೂ ಕೆಟ್ಟಿದ್ದೇನೆ. ಎಂ.ಎಸ್ಸಿ. ಲ್ಯಾಬಿನಲ್ಲಿ ಒಂದು ದ್ರವದ ಕಾಂತೀಯ ಸಸೆಪ್ಟಿಬಿಲಿಟಿ, ಅಂದರೆ ಕಾಂತಕ್ಷೇತ್ರಕ್ಕೆ ಅದು ಎಷ್ಟು ಸ್ಪಂದಿಸುತ್ತದೆ ಅನ್ನುವುದನ್ನು ಅಳೆಯುತ್ತಿದ್ದೆ. ಯಂತ್ರ ಸರಿಯಾಗಿದೆಯಾ ನೋಡೋಣ ಅಂತ ಮೊದಲು ನೀರು ಹಾಕಿದೆ. ನನಗೆ ಬಂದಿದ್ದು ಸುಮಾರು −9 × 10⁻⁶. ಗೋಡೆಗೆ ಅಂಟಿಸಿದ್ದ ಹಳೆಯ ಪಟ್ಟಿಯಲ್ಲಿ −0.72 × 10⁻⁶ ಅಂತಿತ್ತು. ಹನ್ನೆರಡೂವರೆ ಪಟ್ಟು ವ್ಯತ್ಯಾಸ! ಎರಡು ದಿನ ತಕ್ಕಡಿ ಬಿಚ್ಚಿ ಜೋಡಿಸಿದೆ, ಕಾಂತದ ಕರೆಂಟ್ ಬದಲಿಸಿದೆ, ನೀರು ಬದಲಿಸಿದೆ. ಕೊನೆಗೆ ಮೂರನೇ ದಿನ ಚಹಾ ಕುಡಿಯುವಾಗ ಹೊಳೆಯಿತು. ಹನ್ನೆರಡೂವರೆ ಅಂದರೆ 4ಪೈ. ಪಟ್ಟಿ ಸಿಜಿಎಸ್‌ನದ್ದು, ನನ್ನ ಸೂತ್ರ ಎಸ್‌ಐನದ್ದು. ಈ ರಾಶಿಗೆ ಎರಡು ಪದ್ಧತಿಯಲ್ಲೂ ಯೂನಿಟ್ ಇಲ್ಲ, ಬರಿ ಸಂಖ್ಯೆ. ಹಾಗಾಗಿ ಪಕ್ಕದಲ್ಲಿ ಎಚ್ಚರಿಸುವ ಹೆಸರೂ ಇರಲಿಲ್ಲ. ಅವತ್ತಿನಿಂದ ಯಾವ ಉತ್ತರ 12.57 ಪಟ್ಟು ತಪ್ಪಾದರೂ ನಾನು ಮೊದಲು ಉಪಕರಣ ಮುಟ್ಟುವುದಿಲ್ಲ, ಪುಸ್ತಕ ಮುಟ್ಟುತ್ತೇನೆ.

ಇನ್ನು ಸಿ, ಎಚ್-ಬಾರ್ ಎರಡನ್ನೂ 1 ಮಾಡುವ ನ್ಯಾಚುರಲ್ ಯೂನಿಟ್‌ಗಳು. ಸಿ ಒಂದಾದರೆ ಉದ್ದ, ಕಾಲ ಒಂದೇ ಅಳತೆಗೆ ಬರುತ್ತವೆ, ದ್ರವ್ಯರಾಶಿ ಮತ್ತು ಶಕ್ತಿ ಒಂದೇ ಅಳತೆಗೆ ಬರುತ್ತವೆ. ಎಚ್-ಬಾರ್ ಕೂಡ ಒಂದಾದರೆ ಈ ಎರಡು ಗುಂಪುಗಳಿಗೂ ನಂಟು ಬೀಳುತ್ತದೆ. ಶಕ್ತಿಯ ವಿಲೋಮವೇ ಉದ್ದ. ಎಲ್ಲವನ್ನೂ ಎಲೆಕ್ಟ್ರಾನ್-ವೋಲ್ಟಿನಲ್ಲಿ ಹೇಳಬಹುದು. ಪ್ರೋಟಾನಿನ ದ್ರವ್ಯರಾಶಿ 938 ಎಂಇವಿ (ಒಂದು ಎಂಇವಿ ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್-ವೋಲ್ಟ್) ಅಂತ ಕೇಳಿರುತ್ತೀರಿ, ಅದು ಈ ಭಾಷೆ.

ವಾಪಸ್ ಮೀಟರಿಗೆ, ಸೆಕೆಂಡಿಗೆ ಬರುವುದು ಹೇಗೆ ಅಂತ ಹೆದರಬೇಡಿ. ಎರಡು ಸಂಖ್ಯೆ ನೆನಪಿದ್ದರೆ ಸಾಕು. ಎಚ್-ಬಾರ್ ಗುಣಿಸು ಸಿ ಅಂದರೆ 197.3 ಎಂಇವಿ-ಫೆಮ್ಟೊಮೀಟರ್ (ಒಂದು ಫೆಮ್ಟೊಮೀಟರ್ ಅಂದರೆ 10⁻¹⁵ ಮೀಟರ್). ಬರಿ ಎಚ್-ಬಾರ್ ಅಂದರೆ 6.58 × 10⁻²² ಎಂಇವಿ-ಸೆಕೆಂಡ್. ಉತ್ತರಕ್ಕೆ ಉದ್ದ ಬೇಕಿದ್ದರೆ ಮೊದಲನೆಯದರಿಂದ ಗುಣಿಸಿ, ಕಾಲ ಬೇಕಿದ್ದರೆ ಎರಡನೆಯದರಿಂದ. ಪಯಾನ್ ಕಣದ ದ್ರವ್ಯರಾಶಿ ಸುಮಾರು 140 ಎಂಇವಿ. ಅದರ ವಿಲೋಮ ಎಷ್ಟುದ್ದ? 197 ಭಾಗಿಸು 140, ಅಂದರೆ 1.4 ಫೆಮ್ಟೊಮೀಟರ್. ಪರಮಾಣು ಬೀಜದೊಳಗಿನ ಬಲ ಹೆಚ್ಚುಕಡಿಮೆ ಅಷ್ಟೇ ದೂರ ಹೋಗುತ್ತದೆ. 1935ರಲ್ಲಿ ಯುಕಾವಾ ಇದೇ ಲೆಕ್ಕವನ್ನು ತಿರುಗಿಸಿ ಮಾಡಿದ. ಬಲ ಇಷ್ಟು ದೂರ ಹೋಗುತ್ತದೆ ಅಂದರೆ ಅದನ್ನು ಹೊರುವ ಕಣ ಸುಮಾರು ಇಷ್ಟು ತೂಕ ಇರಬೇಕು ಅಂದ. ಕಣ ಸಿಕ್ಕಿದ್ದು 1947ರಲ್ಲಿ. ಕಾಲದ ಉದಾಹರಣೆ ಬೇಕಾದರೆ ಜೆಡ್ ಬೋಸಾನ್ ತೆಗೆದುಕೊಳ್ಳಿ. ಅದರ ಶಕ್ತಿಯ ಹರವು ಸುಮಾರು 2495 ಎಂಇವಿ, ಹಾಗಾಗಿ ಆಯುಸ್ಸು 2.6 × 10⁻²⁵ ಸೆಕೆಂಡ್. ಒಂದೇ ಭಾಗಾಕಾರ.

ಇದರಲ್ಲಿ ಒಂದು ನಷ್ಟವೂ ಇದೆ. ಎಸ್‌ಐನಲ್ಲಿ ಲೆಕ್ಕದ ನಡುವೆ ಸಿ ಬಿಟ್ಟುಹೋದರೆ ಆಯಾಮ ನೋಡಿ ತಪ್ಪು ಹಿಡಿಯಬಹುದು. ಇಲ್ಲಿ ಉದ್ದ, ಕಾಲ ಎರಡಕ್ಕೂ ಒಂದೇ ವೇಷ, ಆ ಕಾವಲುಗಾರ ಇರುವುದಿಲ್ಲ. ಅದಕ್ಕೇ ಮೊದಲ ಒಂದಿಷ್ಟು ಲೆಕ್ಕಗಳನ್ನು ಸಿ, ಎಚ್-ಬಾರ್ ಇಟ್ಟುಕೊಂಡೇ ಮಾಡಿ, ಕೈ ಪಳಗಿದ ಮೇಲೆ ಬಿಡಿ.

ಯಾರಿಗೆ ಏನು ಪದೇ ಪದೇ ಬೇಕೋ ಅದನ್ನು 1 ಮಾಡಿಕೊಳ್ಳುತ್ತಾರೆ. ಪರಮಾಣುಗಳ ಲೆಕ್ಕ ಮಾಡುವವರು ಎಲೆಕ್ಟ್ರಾನಿನ ದ್ರವ್ಯರಾಶಿ, ಅದರ ಚಾರ್ಜ್, ಎಚ್-ಬಾರ್ ಮೂರನ್ನೂ 1 ಅನ್ನುತ್ತಾರೆ, ಆಗ ಅವರ ಬೆಳಕಿನ ವೇಗ 137. ಕಪ್ಪುಕುಳಿಯವರು ಗುರುತ್ವ ಸ್ಥಿರಾಂಕವನ್ನೂ ಸಿಯನ್ನೂ 1 ಮಾಡುತ್ತಾರೆ, ಅವರಿಗೆ ಸೂರ್ಯನ ದ್ರವ್ಯರಾಶಿ ಸುಮಾರು ಒಂದೂವರೆ ಕಿಲೋಮೀಟರ್.

ಹಾಗಾದರೆ ಯಾರೂ ಬದಲಿಸಲಾಗದ ಸಂಖ್ಯೆ ಇಲ್ಲವಾ? ಇದೆ. ವಿದ್ಯುತ್ತು-ಕಾಂತ ಬಲ ಎಷ್ಟು ಗಟ್ಟಿ ಅಂತ ಹೇಳುವ ಫೈನ್ ಸ್ಟ್ರಕ್ಚರ್ ಸ್ಥಿರಾಂಕದ ಸೂತ್ರ ನಿಮ್ಮ ಎರಡು ಪುಸ್ತಕದಲ್ಲೂ ಹುಡುಕಿ. ಎಸ್‌ಐ ಪುಸ್ತಕದಲ್ಲಿ ಎಲೆಕ್ಟ್ರಾನ್ ಚಾರ್ಜಿನ ವರ್ಗದ ಕೆಳಗೆ 4ಪೈ, ಎಪ್ಸಿಲಾನ್-ನಾಟ್, ಎಚ್-ಬಾರ್, ಸಿ ಎಲ್ಲ ಇರುತ್ತವೆ. ಗೌಸಿಯನ್‌ನಲ್ಲಿ ಎಚ್-ಬಾರ್, ಸಿ ಮಾತ್ರ. ಸೂತ್ರ ಬೇರೆ, ಬೆಲೆ ಎರಡರಲ್ಲೂ 1/137.036. ಪ್ರಯೋಗ ಮಾಡಿ ತಿಳಿಯಬೇಕಾದದ್ದು ಇಂಥವು. 2019ರ ಮೇ 20ರಿಂದ ಎಸ್‌ಐ ಕೂಡ ಇದನ್ನು ಒಪ್ಪಿಕೊಂಡ ಹಾಗಿದೆ. ಎಲೆಕ್ಟ್ರಾನ್ ಚಾರ್ಜ್, ಪ್ಲಾಂಕ್ ಸ್ಥಿರಾಂಕಗಳನ್ನು ಆಗ ನಿಗದಿ ಮಾಡಿಬಿಟ್ಟರು. ಮೊದಲು 4ಪೈ × 10⁻⁷ ಅಂತ ನಿಖರವಾಗಿದ್ದ ಮ್ಯೂ-ನಾಟ್ ಈಗ ಅಳೆಯಬೇಕಾದ ರಾಶಿ. ಅದನ್ನು ಅಳೆಯುವುದು ಅಂದರೆ ಒಳಗೊಳಗೇ ಆ 1/137ನ್ನು ಅಳೆಯುವುದು.

ಯಾವುದು ಸರಿ ಅಂತ ಕೇಳಿದಿರಿ. ಲ್ಯಾಬಿನಲ್ಲಿ ಕಣ್ಣುಮುಚ್ಚಿ ಎಸ್‌ಐ ಬಳಸಿ, ಮೀಟರುಗಳೆಲ್ಲ ಅದರಲ್ಲೇ ಓದುತ್ತವೆ. ಥಿಯರಿಗೆ ಪುಸ್ತಕ ಯಾವುದರಲ್ಲಿದೆಯೋ ಅದರಲ್ಲೇ ಕೊನೆವರೆಗೂ ಹೋಗಿ, ನಡುವೆ ದೋಣಿ ಬದಲಿಸಬೇಡಿ. ಹೊಸ ಪುಸ್ತಕ ತೆರೆದಾಗ ಮೊದಲು ಮ್ಯಾಕ್ಸ್‌ವೆಲ್ ಸಮೀಕರಣಗಳ ಪುಟ ನೋಡಿ. ಎಪ್ಸಿಲಾನ್-ನಾಟ್ ಇದ್ದರೆ ಎಸ್‌ಐ. 4ಪೈ ಮತ್ತು ಸಿ ಇದ್ದರೆ ಗೌಸಿಯನ್. ಸಿ ಇದೆ, 4ಪೈ ಇಲ್ಲ ಅಂದರೆ ಹೆವಿಸೈಡ್-ಲೊರೆಂಟ್ಜ್, ಅಂದರೆ ಹೆವಿಸೈಡ್ ಹೇಳಿದ ಹಾಗೆ 4ಪೈ ತಿದ್ದಿಕೊಂಡ ಗೌಸಿಯನ್.

ಕಣಭೌತದ ಪುಸ್ತಕಗಳಲ್ಲಿ ಸಿ ಕೂಡ ಮಾಯವಾಗಿರುತ್ತದೆ, ಆದರೆ 4ಪೈ ಜಗಳ ಅಲ್ಲೂ ಮುಗಿದಿಲ್ಲ. ಎಲೆಕ್ಟ್ರಾನ್ ಚಾರ್ಜಿನ ಬೆಲೆ ಹುಡುಕಿ. 0.303 ಅಂತಿದ್ದರೆ ಅದು ಹೆವಿಸೈಡ್-ಲೊರೆಂಟ್ಜ್ ಕಡೆಯದು, 0.085 ಅಂತಿದ್ದರೆ ಗೌಸಿಯನ್ ಕಡೆಯದು. ಎರಡನ್ನೂ ವರ್ಗ ಮಾಡಿ ಒಂದರಿಂದ ಇನ್ನೊಂದನ್ನು ಭಾಗಿಸಿ ನೋಡಿ, ನನ್ನನ್ನು ಎರಡು ದಿನ ಕಾಡಿದ ಆ ಹನ್ನೆರಡೂವರೆ ಅಲ್ಲೂ ಸಿಗುತ್ತದೆ.